ಇಂಗ್ಲಿಷಿನ ‘ರನ್’ ಪದಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯಾಪದ ಬೇಕು?

ಅನುವಾದಾಸಕ್ತೆ

ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುತ್ತಿರುತ್ತೇನೆ. ದೊಡ್ಡ ದೊಡ್ಡ ಪಾರಿಭಾಷಿಕ ಪದಗಳು ಅಷ್ಟು ಕಾಡುವುದಿಲ್ಲ, ನಿಘಂಟು ತೆಗೆದರೆ ಏನೋ ಒಂದು ದಾರಿ ಸಿಗುತ್ತದೆ. ಕಾಡುವುದು ಪುಟ್ಟ ಪದಗಳು. ಈಗ ಕೈಯಲ್ಲಿರುವ ಒಂದೇ ಕಥೆಯಲ್ಲಿ ‘ರನ್’ ಎಷ್ಟು ವೇಷ ಹಾಕಿ ಬಂದಿದೆ ನೋಡಿ. ಒಬ್ಬಾಕೆ ಶಾಲೆಯನ್ನು ‘ರನ್’ ಮಾಡುತ್ತಾಳೆ. ಆಕೆಯ ಅಣ್ಣ ಮೇಯರ್ ಹುದ್ದೆಗೆ ‘ರನ್’ ಮಾಡುತ್ತಾನೆ. ಊರಿನ ನಡುವೆ ಒಂದು ಗೋಡೆ ‘ರನ್’ ಆಗುತ್ತದೆ. ಹಟಮಾರಿತನ ಆ ಮನೆತನದಲ್ಲಿ ‘ರನ್’ ಆಗುತ್ತದೆ. ಒಗೆದ ಬಟ್ಟೆಯ ಬಣ್ಣವೂ ‘ರನ್’ ಆಗುತ್ತದೆ. ಕೊನೆಗೆ ಆಕೆಯ ತಾಳ್ಮೆ ‘ರನ್ ಔಟ್’.

ಇಷ್ಟರಲ್ಲಿ ಒಂದಕ್ಕೂ ‘ಓಡು’ ಹೊಂದಲಿಲ್ಲ. ಶಾಲೆ ನಡೆಸುತ್ತಾಳೆ, ಚುನಾವಣೆಗೆ ನಿಲ್ಲುತ್ತಾನೆ, ಗೋಡೆ ಹಾದುಹೋಗಿದೆ, ಹಟ ರಕ್ತದಲ್ಲೇ ಬಂದಿದೆ, ಬಣ್ಣ ಬಿಟ್ಟಿದೆ, ತಾಳ್ಮೆ ತೀರಿದೆ ಎಂದು ಬರೆದೆ. ಕನ್ನಡವಾಗಿ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ. ಆದರೂ ಪ್ರಶ್ನೆ ಬಿಡುತ್ತಿಲ್ಲ. ಇವೆಲ್ಲ ಒಂದೇ ಪದದ ಅರ್ಥಗಳೇ, ಅಥವಾ ಒಂದೇ ಕಾಗುಣಿತ ಹಂಚಿಕೊಂಡ ಹಲವು ಪದಗಳೇ? ಇವನ್ನೆಲ್ಲ ಪೋಣಿಸಿರುವ ಎಳೆ ಒಂದಿದ್ದರೆ ಅದು ಯಾವುದು? ಅದು ಗೊತ್ತಾದರೆ ಮುಂದಿನ ಸಲ ಹೊಸ ‘ರನ್’ ಎದುರಾದಾಗ ಊಹಿಸುವುದು ಸುಲಭವಾಗುತ್ತದೆ ಎನ್ನುವ ಆಸೆ.

ನಿಘಂಟುಪ್ರೇಮಿ

ಮೇಡಂ, ಕೇಳಿದ್ದು ಅತಿ ದೊಡ್ಡ ಪದವನ್ನೇ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಬಹುಕಾಲ ಅತ್ಯಂತ ಉದ್ದದ ನಮೂದು ‘ಸೆಟ್’ ಪದದ್ದಾಗಿತ್ತು. 1989ರ ಎರಡನೇ ಆವೃತ್ತಿಯಲ್ಲಿ ಅದರ ವಿವರಣೆಯೇ ಸುಮಾರು 60,000 ಪದಗಳಷ್ಟಿತ್ತು, 430 ಅರ್ಥಗಳಿದ್ದವು. ಆಮೇಲೆ ಮೂರನೇ ಆವೃತ್ತಿಗಾಗಿ ಹಳೆಯ ನಮೂದುಗಳನ್ನು ಒಂದೊಂದಾಗಿ ಪರಿಷ್ಕರಿಸುತ್ತ ಬಂದರು. ‘ಮೇಕ್’ ಮುಂದೆ ಬಂತು, ಅದನ್ನು ‘ಪುಟ್’ ಹಿಂದೆ ಹಾಕಿತು, 2011ರಲ್ಲಿ ‘ರನ್’ ಎಲ್ಲವನ್ನೂ ದಾಟಿತು. ಪೀಟರ್ ಗಿಲಿವರ್ ಎಂಬ ಸಂಪಾದಕರು ಇದೊಂದೇ ಪದದ ಮೇಲೆ ಒಂಬತ್ತು ತಿಂಗಳು ಕೆಲಸ ಮಾಡಿದರು. ಕ್ರಿಯಾಪದವಾಗಿ ಮಾತ್ರವೇ 645 ಅರ್ಥಗಳು. ‘ಎ ರನ್’ ಎಂದು ನಾಮಪದವಾಗಿ ಬಳಸುವುದು ಈ ಲೆಕ್ಕದಲ್ಲಿ ಸೇರಿಲ್ಲ.

ಹೀಗೆ ಹಿಗ್ಗಿದ್ದಕ್ಕೆ ಒಂದು ಮುಖ್ಯ ಕಾರಣ ಯಂತ್ರಗಳು. ಗಿರಣಿ, ಉಗಿಯಂತ್ರ, ರೈಲು, ಗಡಿಯಾರ, ಮೋಟಾರು, ಆಮೇಲೆ ಕಂಪ್ಯೂಟರ್. ಹೊಸದೊಂದು ಯಂತ್ರ ಬಂದಾಗಲೆಲ್ಲ ಅದು ಏನು ಮಾಡುತ್ತಿದೆ ಎಂದು ಹೇಳಲು ಇಂಗ್ಲಿಷಿನವರು ಇದೇ ಪದವನ್ನು ಕರೆದರು. ‘ಸೆಟ್’ ಇಡುವ, ಕೂರಿಸುವ ಪದ. ‘ರನ್’ ನಿಲ್ಲದೆ ಸಾಗುವ ಪದ. ಕಳೆದ ಮುನ್ನೂರು ವರ್ಷಗಳ ಬದುಕಿಗೆ ಎರಡನೆಯದೇ ಹೆಚ್ಚು ಬೇಕಾಯಿತು.

ಎರಡನೇ ಸಾಲಿನವ

645 ಎನ್ನುವ ಸಂಖ್ಯೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಅರ್ಥಗಳನ್ನು ಎಣಿಸುವುದು ಎಣಿಸುವವರ ಕಣ್ಣಿನ ಮೇಲೆ ನಿಂತಿದೆ. ಬಸ್ ಸಂಚರಿಸುವುದು, ದೋಣಿ ಸಂಚರಿಸುವುದು, ಇವು ಎರಡು ಅರ್ಥವೇ ಒಂದೇ ಅರ್ಥವೇ? ಆಕ್ಸ್‌ಫರ್ಡ್‌ನಂಥ ಐತಿಹಾಸಿಕ ನಿಘಂಟು ಪ್ರತಿ ಕವಲನ್ನೂ ಅದರ ಮೊದಲ ಬಳಕೆಯ ಕಾಲದೊಂದಿಗೆ ದಾಖಲಿಸಬೇಕು, ಹಾಗಾಗಿ ಒಡೆಯುತ್ತಾ ಹೋಗುತ್ತದೆ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳು ಅದೇ ಪದವನ್ನು ಹತ್ತಾರು ಅರ್ಥಗಳಲ್ಲಿ ಮುಗಿಸುತ್ತವೆ. ಕೆಲವು ನಿಘಂಟುಕಾರರು ಒಟ್ಟುಗೂಡಿಸುವ ಸ್ವಭಾವದವರು, ಕೆಲವರು ಒಡೆಯುವವರು. ಪದ ಮಾತ್ರ ಇದ್ದಲ್ಲೇ ಇದೆ.

ವ್ಯಾಕರಣದ ಮೇಷ್ಟ್ರು

ಎಣಿಕೆಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆದರೆ ಮೂಲ ಪ್ರಶ್ನೆ ಅದಲ್ಲ, ಒಂದೇ ಪದಕ್ಕೆ ಇಷ್ಟು ಕೆಲಸ ಹೇಗೆ ಸಾಧ್ಯವಾಯಿತು ಎನ್ನುವುದು. ಉತ್ತರ ವ್ಯಾಕರಣದಲ್ಲಿದೆ.

ಕನ್ನಡದಲ್ಲಿ ‘ಓಡು’ ಬೇರೆ, ‘ಓಡಿಸು’ ಬೇರೆ. ‘ನಡೆ’ ಬೇರೆ, ‘ನಡೆಸು’ ಬೇರೆ. ‘ಹರಿ’ ಬೇರೆ, ‘ಹರಿಸು’ ಬೇರೆ. ತಾನೇ ಮಾಡುವುದಕ್ಕೂ ಬೇರೆಯದರಿಂದ ಮಾಡಿಸುವುದಕ್ಕೂ ನಡುವೆ ‘ಇಸು’ ಎಂಬ ಬೇಲಿ ನಿಂತಿದೆ. ಇಂಗ್ಲಿಷಿನ ‘ರನ್’ಗೆ ಆ ಬೇಲಿ ಇಲ್ಲ. ಕುದುರೆಯೂ ‘ರನ್’ ಆಗುತ್ತದೆ, ಕುದುರೆಯನ್ನೂ ‘ರನ್’ ಮಾಡುತ್ತಾರೆ. ಯಂತ್ರವೂ ‘ರನ್’ ಆಗುತ್ತದೆ, ಯಂತ್ರವನ್ನೂ ‘ರನ್’ ಮಾಡುತ್ತಾರೆ. ಒಂದೇ ರೂಪ.

ಹಿಂದೆ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಓಡುವುದಕ್ಕೆ, ಹರಿಯುವುದಕ್ಕೆ ‘ಇರ್ನನ್’ ಅಥವಾ ‘ರಿನ್ನನ್’ ಇತ್ತು, ಓಡಿಸುವುದಕ್ಕೆ ‘ಆರ್ನನ್’ ಎಂಬ ಪ್ರೇರಣಾರ್ಥಕ ರೂಪ ಬೇರೆಯೇ ಇತ್ತು. ಮಧ್ಯಕಾಲದಲ್ಲಿ ಎರಡೂ ಕಲಸಿಹೋಗಿ ಒಂದಾದವು. ಸೋದರಭಾಷೆಯಾದ ಜರ್ಮನ್ನಿನಲ್ಲಿ ಇವತ್ತಿಗೂ ‘ರಿನ್ನೆನ್’ ಎಂದರೆ ದ್ರವ ಒಸರುವುದು, ಹರಿಯುವುದು. ‘ರೆನ್ನೆನ್’ ಎಂದರೆ ಓಡುವುದು. ಅಲ್ಲಿ ಎರಡು ಪದ ಹೊರುವ ಭಾರವನ್ನು ಇಲ್ಲಿ ಒಂದೇ ಹೊರುತ್ತಿದೆ.

ಇಂಗ್ಲಿಷಿನಲ್ಲಿ ಈ ಹಳೆಯ ಪ್ರೇರಣಾರ್ಥಕ ಜೋಡಿಗಳು ಪೂರ್ತಿ ಅಳಿದಿಲ್ಲ. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರಿಸು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರವನ್ನು ಬೀಳಿಸು. ‘ರೈಸ್’ ಏಳು, ‘ರೇಸ್’ ಎಬ್ಬಿಸು. ನಮ್ಮ ‘ಇಸು’ ಪ್ರತ್ಯಯದ ಕೆಲಸವನ್ನು ಅವರಲ್ಲಿ ಒಳಗಿನ ಸ್ವರದ ಬದಲಾವಣೆ ಮಾಡುತ್ತಿತ್ತು.

ನಿಘಂಟುಪ್ರೇಮಿ

ಮೇಷ್ಟ್ರೇ, ಸ್ವರದ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ‘ರನ್’ನ ಈಗಿನ ವರ್ತಮಾನ ರೂಪದ ಸ್ವರ ಭೂತಕೃದಂತದಿಂದ, ಅಂದರೆ ‘ಹ್ಯಾವ್ ರನ್’ ಎನ್ನುವಾಗಿನ ರೂಪದಿಂದ, ಹಿಂದಕ್ಕೆ ಬಂದದ್ದು. ಸಹಜವಾಗಿ ಬೆಳೆದಿದ್ದರೆ ಅದು ‘ರಿನ್’ ಆಗಿರಬೇಕಿತ್ತು. ಸ್ಕಾಟ್ಸ್ ನುಡಿಯಲ್ಲಿ ‘ರಿನ್’ ಇನ್ನೂ ಉಳಿದಿದೆ.

ಕೋಡು ಬರೆಯುವವಳು

ಕಂಪ್ಯೂಟರಿನ ‘ರನ್’ ಬಗ್ಗೆ ನಾಲ್ಕು ಮಾತು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಬೇಸಿಕ್ ಭಾಷೆಯನ್ನು ತಂದಾಗ ವಿದ್ಯಾರ್ಥಿ ತನ್ನ ಪ್ರೋಗ್ರಾಂ ಬರೆದು ಮುಗಿಸಿ ಟೈಪಿಸಬೇಕಿದ್ದ ಆಜ್ಞೆಯೇ ‘ರನ್’. ಗಣಿತಜ್ಞರಲ್ಲದವರೂ ಕಂಪ್ಯೂಟರ್ ಬಳಸಲಿ ಎಂಬ ಉದ್ದೇಶದಿಂದ ಮಾಡಿದ ಭಾಷೆ ಅದು, ಅದಕ್ಕೇ ದಿನಬಳಕೆಯ ಪುಟ್ಟ ಪದಗಳನ್ನು ಆರಿಸಿಕೊಂಡರು. ಅದೇ ಪದ ಇವತ್ತಿನ ಪರಿಕರಗಳ ಗುಂಡಿಗಳ ಮೇಲೂ ಇದೆ.

ಇಲ್ಲಿ ಮೇಷ್ಟ್ರು ಹೇಳಿದ ಬೇಲಿ ಇಲ್ಲದಿರುವಿಕೆ ನನಗೆ ದಿನಾ ಅನುಭವಕ್ಕೆ ಬರುತ್ತದೆ. ಗುಂಡಿಯ ಮೇಲಿರುವ ‘ರನ್’ ಎಂದರೆ ‘ಇದನ್ನು ಓಡಿಸು’. ಪರದೆಯ ಮೂಲೆಯಲ್ಲಿ ಬರುವ ‘ರನ್ನಿಂಗ್’ ಎಂದರೆ ‘ಓಡುತ್ತಿದೆ’. ತಂತ್ರಾಂಶವನ್ನು ಕನ್ನಡಕ್ಕೆ ತರುವಾಗ ಎರಡಕ್ಕೂ ಒಂದೇ ಪದ ಹಾಕಿದರೆ ಬಳಸುವವರಿಗೆ ಗೊಂದಲ ಖಂಡಿತ. ಮೊದಲನೆಯದಕ್ಕೆ ‘ಚಲಾಯಿಸು’, ಎರಡನೆಯದಕ್ಕೆ ‘ಚಾಲನೆಯಲ್ಲಿದೆ’ ಎಂದು ಹಾಕುವುದು ನನಗೆ ಹಿಡಿಸಿದೆ. ‘ಕಾರ್ಯಗತಗೊಳಿಸು’ ಎನ್ನುವುದನ್ನು ಮಾತ್ರ ದಯವಿಟ್ಟು ಬಿಡಿ. ಅಷ್ಟುದ್ದದ ಪದ ಗುಂಡಿಯ ಮೇಲೆ ಕೂರುವುದೂ ಇಲ್ಲ, ಬಾಯಲ್ಲಿ ನಿಲ್ಲುವುದೂ ಇಲ್ಲ.

ಹಳಗನ್ನಡ ಓದುಗ

ಇಲ್ಲಿಯವರೆಗೆ ಎಲ್ಲರೂ ‘ರನ್’ಗೆ ‘ಓಡು’ ಎಂಬುದೇ ಕನ್ನಡದ ಜೋಡಿ ಎಂದು ಹಿಡಿದು ಅದು ಹೊಂದುತ್ತಿಲ್ಲ ಎನ್ನುತ್ತಿದ್ದೀರಿ. ನನ್ನ ಮಟ್ಟಿಗೆ ಜೋಡಿ ‘ಓಡು’ ಅಲ್ಲ, ‘ಹರಿ’.

ನೀರು ಹರಿಯುತ್ತದೆ, ಇಂಗ್ಲಿಷಿನಲ್ಲಿ ನೀರು ‘ರನ್’ ಆಗುತ್ತದೆ. ಮೈಮೇಲೆ ಲಾರಿ ಹರಿಯಿತು ಎಂದು ಪತ್ರಿಕೆಗಳು ಬರೆಯುತ್ತವೆ, ಅದು ‘ರನ್ ಓವರ್’. ಕಾಗದದ ಮೇಲೆ ದೃಷ್ಟಿ ಹರಿಸುತ್ತೇವೆ, ಅವರೂ ಕಣ್ಣನ್ನು ‘ರನ್’ ಮಾಡುತ್ತಾರೆ. ಚಿಂತನೆ ಯಾವ ದಿಕ್ಕಿನಲ್ಲಿ ಹರಿಯಿತು ಎನ್ನುತ್ತೇವೆ, ಅವರಲ್ಲೂ ಆಲೋಚನೆ ‘ರನ್’ ಆಗುತ್ತದೆ. ವಿದ್ಯುತ್ ಹರಿಯುತ್ತದೆ. ಹಣ ಹರಿದುಬರುತ್ತದೆ. ಕಾಲುವೆಯಲ್ಲಿ ನೀರು ಹರಿಸುತ್ತೇವೆ.

ಹಳಗನ್ನಡಕ್ಕೆ ಹೋದರೆ ಇದು ಇನ್ನೂ ಸ್ಪಷ್ಟ. ‘ಹರಿ’ಯ ಹಳೆಯ ರೂಪ ‘ಪರಿ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪರಿ ಹರಿಯಾಯಿತು. ಆಗ ‘ಪರಿ’ ಎಂದರೆ ಹರಿಯುವುದೂ ಹೌದು, ಓಡುವುದೂ ಹೌದು. ಕುದುರೆಯೂ ಪರಿಯುತ್ತಿತ್ತು, ಹೊಳೆಯೂ ಪರಿಯುತ್ತಿತ್ತು. ಹಳೆಯ ಇಂಗ್ಲಿಷಿನ ‘ರಿನ್ನನ್’ ಹಾಗೆಯೇ. ಆಮೇಲೆ ನಮ್ಮಲ್ಲಿ ಓಡುವ ಕೆಲಸವನ್ನು ‘ಓಡು’ ಪೂರ್ತಿ ವಹಿಸಿಕೊಂಡಿತು, ‘ಹರಿ’ಯ ಪಾಲಿಗೆ ದ್ರವ, ದೃಷ್ಟಿ, ಚಕ್ರ ಉಳಿದವು. ಇಂಗ್ಲಿಷಿನಲ್ಲಿ ಹಂಚಿಕೆ ಆಗಲೇ ಇಲ್ಲ.

ಆ ಹಳೆಯ ‘ಪರಿ’ ನಾವು ದಿನಾ ಬರೆಯುವ ಪದಗಳೊಳಗೆ ಅಡಗಿ ಕೂತಿದೆ. ಸುತ್ತು ಜೊತೆಗೆ ಪರಿ ಸೇರಿ ‘ಸುತ್ತುವರಿ’. ಮುಂದು ಜೊತೆಗೆ ಪರಿ ಸೇರಿ ‘ಮುಂದುವರಿ’. ‘ಮುಂದುವರೆದ ಭಾಗ’ ಎಂದು ಬರೆಯುವವರೊಡನೆ ನಾನು ವಾದ ಮಾಡುವುದು ಇದಕ್ಕೇ. ಅದು ‘ಮುಂದುವರಿದ’ ಆಗಬೇಕು, ‘ಹರಿದ’ ಎನ್ನುತ್ತೇವೆಯೇ ಹೊರತು ‘ಹರೆದ’ ಎನ್ನುವುದಿಲ್ಲವಲ್ಲ. ಅನುವಾದಾಸಕ್ತೆಯವರೇ, ನಿಮ್ಮ ಕಥೆಯ ಗೋಡೆ ಊರನ್ನು ಸುತ್ತಿಕೊಂಡಿದ್ದರೆ ಅದು ಸುತ್ತುವರಿದಿದೆ ಎಂದು ಬರೆಯಿರಿ. ಆಗ ಇಂಗ್ಲಿಷಿನ ‘ರನ್’ಗೆ ಕನ್ನಡದ ‘ಪರಿ’ಯೇ ಎದುರು ನಿಂತಂತಾಗುತ್ತದೆ.

ಅನುವಾದಾಸಕ್ತೆ

ಸರ್, ‘ಮುಂದುವರಿ’ಯೊಳಗೆ ಓಟ ಇದೆ ಎಂದು ಈವರೆಗೆ ಹೊಳೆದಿರಲಿಲ್ಲ. ಇನ್ನೊಂದು ಕೂಡಿಬರುತ್ತಿದೆ ನೋಡಿ: ಅಮೆರಿಕದವರು ಕಾಲುಚೀಲದ ನೇಯ್ಗೆ ಉದ್ದಕ್ಕೆ ಬಿಟ್ಟುಕೊಂಡರೆ ಅದನ್ನೂ ‘ಎ ರನ್’ ಎನ್ನುತ್ತಾರೆ. ನಮ್ಮಲ್ಲೂ ಬಟ್ಟೆ ‘ಹರಿಯುತ್ತದೆ’. ‘ಹರಿ’ಯೇ ಜೋಡಿ ಎನ್ನುವುದಕ್ಕೆ ಇದೂ ಪುರಾವೆಯಾಗುತ್ತದಲ್ಲವೇ?

ಹಳಗನ್ನಡ ಓದುಗ

ಆಸೆ ಹುಟ್ಟಿಸುವ ಹೋಲಿಕೆ, ಆದರೆ ಒಪ್ಪಲಾರೆ. ಬಟ್ಟೆ ಹರಿಯುವ ‘ಹರಿ’ಯೂ ಹಿಂದೆ ‘ಪರಿ’ಯೇ ಆಗಿತ್ತು, ನಿಜ. ಆದರೆ ಅದು ತುಂಡಾಗು, ಕಡಿದುಹೋಗು ಎಂಬ ಅರ್ಥದ ಇನ್ನೊಂದು ಧಾತು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಇವೆರಡನ್ನೂ ಬೇರೆ ಬೇರೆ ನಮೂದುಗಳಾಗಿ ಇಟ್ಟಿದೆ. ರೂಪ ಒಂದೇ, ಮೂಲ ಎರಡು. ಇಂಗ್ಲಿಷಿನ ಕಾಲುಚೀಲದ ‘ರನ್’ ಮಾತ್ರ ನೇರವಾಗಿ ಓಡುವ ‘ರನ್’ನಿಂದಲೇ ಬಂದದ್ದು, ಎಳೆ ಬಿಟ್ಟುಕೊಳ್ಳುತ್ತ ಉದ್ದಕ್ಕೆ ಓಡುತ್ತದೆ ಎಂದು. ಬ್ರಿಟನ್ನಿನವರು ಅದನ್ನೇ ‘ಲ್ಯಾಡರ್’ ಎಂದು ಏಣಿಗೆ ಹೋಲಿಸುತ್ತಾರೆ. ಹಾಗಾಗಿ ಇದು ಆಕಸ್ಮಿಕ.

ವ್ಯಾಕರಣದ ಮೇಷ್ಟ್ರು

ಮೇಡಂ ಮೊದಲು ಕೇಳಿದ ‘ಒಂದೇ ಪದವೇ, ಹಲವೇ’ ಎಂಬುದಕ್ಕೆ ಉತ್ತರ ಇಲ್ಲೇ ಸಿಕ್ಕಿತು. ಎರಡು ‘ಹರಿ’ಗಳು ಸಮರೂಪಿ ಪದಗಳು, ಮೂಲದಲ್ಲೇ ಬೇರೆ. ‘ಓಡು’ ಕೂಡ ಹಾಗೆಯೇ, ಓಡುವ ಓಡು ಬೇರೆ, ಒಡೆದ ಮಡಕೆಯ ಓಡು ಬೇರೆ. ಇಂಗ್ಲಿಷಿನಲ್ಲಿ ‘ಸೆಟ್’ ಎರಡು: ಇಡು ಎನ್ನುವ ಕ್ರಿಯಾಪದ ಹಳೆಯ ಇಂಗ್ಲಿಷಿನದು, ಗುಂಪು ಎನ್ನುವ ನಾಮಪದ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು. ಗಣಿತದಲ್ಲಿ ನಾವು ಗಣ ಎನ್ನುವ ‘ಸೆಟ್’ಗೂ ಸೂರ್ಯ ‘ಸೆಟ್’ ಆಗುವುದಕ್ಕೂ ಹುಟ್ಟಿನ ನಂಟಿಲ್ಲ. ‘ರನ್’ ಹಾಗಲ್ಲ. ಹತ್ತಿರದ ಎರಡು ರೂಪಗಳು ಕೂಡಿದ್ದು ಬಿಟ್ಟರೆ ಅದು ಒಂದೇ ಬೇರಿನ ಪದ. ಅಷ್ಟೂ ಅರ್ಥಗಳು ಅದೇ ಬೇರಿನಿಂದ ಒಡೆದ ಕವಲುಗಳು.

ಎರಡನೇ ಸಾಲಿನವ

ಬೇರು ಒಂದೇ ಇರಬಹುದು, ಆದರೆ ಬೇರು ಗೊತ್ತಿದ್ದ ಮಾತ್ರಕ್ಕೆ ಕವಲು ಊಹಿಸಲಾಗುವುದಿಲ್ಲ. ಕೋಳಿಗಳನ್ನು ಬಿಡುವ ಬೇಲಿ ಹಾಕಿದ ಜಾಗಕ್ಕೆ ‘ಚಿಕನ್ ರನ್’ ಎನ್ನುತ್ತಾರೆ ಎಂದು ಯಾರು ಊಹಿಸಿಯಾರು? ಸಾಧಾರಣ ಎನ್ನುವುದಕ್ಕೆ ‘ರನ್ ಆಫ್ ದ ಮಿಲ್’ ಯಾಕೆ? ಗಿರಣಿಯಿಂದ ಹೊರಬಂದ ಸರಕನ್ನು ದರ್ಜೆಯಾಗಿ ವಿಂಗಡಿಸುವ ಮುಂಚೆ ಹಾಗೆ ಕರೆಯುತ್ತಿದ್ದರು ಎಂದು ತಿಳಿದ ಮೇಲೆ ಸರಿ ಎನ್ನಿಸುತ್ತದೆ, ತಿಳಿಯುವ ಮುಂಚೆ ಅಲ್ಲ. ಎಳೆ ಹುಡುಕುವುದು ಹಿಂದಿರುಗಿ ನೋಡುವವರಿಗೆ ಸುಲಭ, ಮೊದಲ ಸಲ ಓದುವವರಿಗೆ ಅಲ್ಲ.

ಕ್ರೀಡಾಪುಟ

ಕ್ರಿಕೆಟ್ಟಿನ ‘ರನ್’ ಈ ಮಾತಿಗೆ ಒಳ್ಳೆಯ ಉದಾಹರಣೆ. ಮೊದಮೊದಲು ಅಂಕ ಬರೆಯುವವರು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕುತ್ತಿದ್ದರು, ಅದಕ್ಕೇ ಹದಿನೆಂಟನೇ ಶತಮಾನದಲ್ಲಿ ಅಂಕಕ್ಕೆ ‘ನಾಚ್’ ಎಂಬ ಹೆಸರಿತ್ತು. ಆಮೇಲೆ ಓಡುವ ಕ್ರಿಯೆಯೇ ಅಂಕದ ಹೆಸರಾಗಿ ‘ರನ್’ ಉಳಿಯಿತು. ಈಗ ನೋಡಿ: ಚೆಂಡು ಗೆರೆ ದಾಟಿದರೆ ನಾಲ್ಕು ರನ್, ಮೇಲಿಂದ ಹಾರಿ ಹೋದರೆ ಆರು, ಯಾರೂ ಓಡಬೇಕಾಗಿಲ್ಲ. ವೈಡ್ ಹಾಕಿದರೆ ಬ್ಯಾಟುಗಾರ ನಿಂತಲ್ಲೇ ನಿಂತಿದ್ದರೂ ಒಂದು ರನ್. ಓಟವೇ ಇಲ್ಲದ ಓಟ. ಕನ್ನಡದ ವೀಕ್ಷಕ ವಿವರಣೆಯಲ್ಲಿ ‘ಓಟ’ ಎಂದು ಹೇಳಿದಾಗಲೂ ಕೇಳುಗರಿಗೆ ಏನೂ ಎಡವಟ್ಟು ಎನ್ನಿಸುವುದಿಲ್ಲ, ಅಷ್ಟರಮಟ್ಟಿಗೆ ಅದು ಅಂಕದ ಹೆಸರೇ ಆಗಿಬಿಟ್ಟಿದೆ.

‘ರನ್ ಔಟ್’ ಇನ್ನೂ ಚೆಂದ. ಆಟದಲ್ಲಿ ಓಡುವಾಗ ಔಟಾಗುವುದು. ಮಾತಿನಲ್ಲಿ ಮುಗಿದುಹೋಗುವುದು. ಮನೆಯಿಂದ ‘ರನ್ ಔಟ್’ ಎಂದರೆ ನಿಜವಾಗಿಯೂ ಓಡಿ ಹೊರಗೆ ಬರುವುದು. ಮೂರಕ್ಕೂ ಅವವೇ ಎರಡು ಪದ.

ಲೆಕ್ಕಪತ್ರ

ಓಟವಿಲ್ಲದ ಓಟ ಹಣಕಾಸಿನಲ್ಲೂ ಇದೆ. ಬ್ಯಾಂಕು ಮುಳುಗುತ್ತದೆಂಬ ಭಯದಿಂದ ಠೇವಣಿದಾರರು ಒಟ್ಟಿಗೇ ಹಣ ತೆಗೆಯಲು ಮುಗಿಬೀಳುವುದಕ್ಕೆ ‘ಬ್ಯಾಂಕ್ ರನ್’ ಎನ್ನುತ್ತಾರೆ. ಹಿಂದೆ ಜನ ನಿಜವಾಗಿಯೂ ಬ್ಯಾಂಕಿನ ಬಾಗಿಲಿಗೆ ಓಡಿಬರುತ್ತಿದ್ದರು. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಠೇವಣಿದಾರರು ತೆಗೆಯಲು ಹೊರಟ ಮೊತ್ತ ಒಂದೇ ದಿನದಲ್ಲಿ 42 ಬಿಲಿಯನ್ ಡಾಲರ್. ಅದರ ಬಹುಪಾಲು ಕೂತಲ್ಲಿಂದಲೇ ಕಳಿಸಿದ ಆದೇಶಗಳು. ಕಾಲು ಅಲ್ಲಾಡದಿದ್ದರೂ ಹೆಸರು ಬದಲಾಗಲಿಲ್ಲ. ಈ ಭಯ ಹೇಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ, ಗಟ್ಟಿಯಾದ ಬ್ಯಾಂಕನ್ನೂ ಹೇಗೆ ಬೀಳಿಸಬಲ್ಲದು ಎಂದು ಅರ್ಥಶಾಸ್ತ್ರಜ್ಞರಾದ ಡೈಮಂಡ್ ಮತ್ತು ಡಿಬ್‌ವಿಗ್ 1983ರಲ್ಲಿ ಗಣಿತದ ಮಾದರಿಯಲ್ಲಿ ತೋರಿಸಿದರು, 2022ರಲ್ಲಿ ಅವರಿಬ್ಬರೂ ಬೆನ್ ಬರ್ನಾಂಕೆ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞರ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಕನ್ನಡದಲ್ಲಿ ಬರೆಯುವಾಗ ‘ಬ್ಯಾಂಕ್ ಓಟ’ ಎಂದರೆ ಯಾರಿಗೂ ತಿಳಿಯದು. ‘ಠೇವಣಿದಾರರು ಮುಗಿಬಿದ್ದರು’ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಇತಿಹಾಸದ ವಿದ್ಯಾರ್ಥಿ

ಹಾಗಿದ್ದರೆ ‘ಬುಲ್ ರನ್’ ನೋಡಿ, ಅನುವಾದಕರಿಗೆ ನಿಜವಾದ ಹೊಂಡ. ಮಾರುಕಟ್ಟೆಯ ಸುದ್ದಿಯಲ್ಲಿ ಅದು ಷೇರುಗಳು ಏರುತ್ತಲೇ ಹೋಗುವ ಅವಧಿ. ಸ್ಪೇನಿನ ಪಾಂಪ್ಲೋನಾದಲ್ಲಿ ಪ್ರತಿ ಜುಲೈನಲ್ಲಿ ಬೀದಿಯಲ್ಲಿ ಗೂಳಿಗಳ ಮುಂದೆ ಜನ ಓಡುತ್ತಾರೆ, ಅಲ್ಲಿ ಅದು ಅಕ್ಷರಶಃ ಗೂಳಿ ಓಟ. ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದರೆ 1861 ಮತ್ತು 1862ರಲ್ಲಿ ನಡೆದ ಎರಡು ಬುಲ್ ರನ್ ಕದನಗಳು ಬರುತ್ತವೆ. ಅಲ್ಲಿ ಗೂಳಿಯೂ ಇಲ್ಲ, ಓಟವೂ ಇಲ್ಲ. ಬುಲ್ ರನ್ ಎನ್ನುವುದು ವರ್ಜೀನಿಯಾದ ಒಂದು ತೊರೆ. ಅಮೆರಿಕದ ಆ ಭಾಗದಲ್ಲಿ ಸಣ್ಣ ಹಳ್ಳಕ್ಕೆ ‘ರನ್’ ಎನ್ನುತ್ತಾರೆ. ಉತ್ತರದವರು ಕದನಗಳಿಗೆ ಹತ್ತಿರದ ಹೊಳೆಯ ಹೆಸರಿಡುತ್ತಿದ್ದರು, ದಕ್ಷಿಣದವರು ಊರಿನ ಹೆಸರು, ಹಾಗಾಗಿ ಅದೇ ಕದನಕ್ಕೆ ಮನಾಸಸ್ ಎಂದೂ ಹೆಸರಿದೆ. ಹಳಗನ್ನಡ ಓದುಗರು ಹೇಳಿದ ‘ಹರಿ’ಯ ಅರ್ಥ ಇಲ್ಲಿ ನಾಮಪದವಾಗಿ ನಕ್ಷೆಯ ಮೇಲೆ ಕೂತಿದೆ.

ಇನ್ನೊಂದು. ‘ರನ್ ದ ಗಾಂಟ್ಲೆಟ್’ ಎಂದರೆ ಎರಡು ಸಾಲಾಗಿ ನಿಂತವರ ಏಟು ತಿನ್ನುತ್ತ ನಡುವೆ ಓಡುವ ಶಿಕ್ಷೆ, ಈಗ ಎಲ್ಲ ಕಡೆಯಿಂದ ಟೀಕೆ ಎದುರಿಸುವುದು. ಇದರಲ್ಲಿರುವ ಗಾಂಟ್ಲೆಟ್ ಯುದ್ಧದ ಕೈಗವಸು ಅಲ್ಲ. ಸ್ವೀಡಿಷ್ ಭಾಷೆಯ ‘ಗಾಟ್‌ಲೋಪ್’, ಅಂದರೆ ಓಣಿಯ ಓಟ, ಹದಿನೇಳನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು ಕೈಗವಸಿನ ಪದದ ಜೊತೆ ಬೆರೆತುಹೋಯಿತು. ಓಟ ಆ ಪದದೊಳಗೇ ಇತ್ತು, ಅದರ ಮುಂದೆ ಮತ್ತೊಂದು ‘ರನ್’ ಬಂದು ನಿಂತಿತು.

ಪರೀಕ್ಷೆಗೆ ಓದುತ್ತಿರುವವಳು

ಎಲ್ಲರ ವಿವರಣೆ ಓದಿ ಖುಷಿಯಾಯಿತು. ನನ್ನ ಕಷ್ಟ ಬೇರೆ. ‘ರನ್’ ಹಿಂದೆ ಬರುವ ಚಿಕ್ಕ ಪದಗಳು ನನ್ನನ್ನು ಸೋಲಿಸುತ್ತಿವೆ. ‘ರನ್ ಡೌನ್’ ಒಂದನ್ನೇ ತೆಗೆದುಕೊಂಡರೆ ಬ್ಯಾಟರಿ ಖಾಲಿಯಾಗುವುದು, ಇನ್ನೊಬ್ಬರನ್ನು ಹೀಯಾಳಿಸುವುದು, ವಾಹನ ಗುದ್ದುವುದು, ಪಾಳುಬಿದ್ದ ಕಟ್ಟಡ, ಸುಸ್ತಾದ ಮೈ, ಇಷ್ಟಿವೆ. ‘ರನ್ ಇಂಟು’ ಎಂದರೆ ಢಿಕ್ಕಿ ಹೊಡೆಯುವುದೂ ಹೌದು, ಅಕಸ್ಮಾತ್ ಭೇಟಿಯಾಗುವುದೂ ಹೌದು, ವೆಚ್ಚ ಲಕ್ಷಗಟ್ಟಲೆ ಆಗುವುದೂ ಹೌದು. ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ಬಿಟ್ಟು ಬೇರೆ ದಾರಿ ಇದೆಯೇ?

ವ್ಯಾಕರಣದ ಮೇಷ್ಟ್ರು

ಇದೆ ಮಗಳೇ. ಮೊದಲು ಯಾಕೆ ಹೀಗೆ ಎಂದು ತಿಳಿದುಕೊ, ಆಮೇಲೆ ನೆನಪಿನ ಭಾರ ಅರ್ಧ ಇಳಿಯುತ್ತದೆ.

ಕನ್ನಡದಲ್ಲಿ ಚಲನೆಯ ದಿಕ್ಕನ್ನು ಕ್ರಿಯಾಪದವೇ ಹೇಳುತ್ತದೆ: ಇಳಿ, ಹತ್ತು, ದಾಟು, ನುಗ್ಗು, ಹೊರಡು. ಹೇಗೆ ಚಲಿಸಿದ ಎನ್ನುವುದನ್ನು ಪಕ್ಕದಲ್ಲಿ ಸೇರಿಸುತ್ತೇವೆ: ‘ಓಡುತ್ತ ಬೆಟ್ಟ ಇಳಿದ’. ಇಂಗ್ಲಿಷಿನಲ್ಲಿ ತಿರುಗಾಮುರುಗಾ. ಹೇಗೆ ಎನ್ನುವುದು ಕ್ರಿಯಾಪದದಲ್ಲಿ, ದಿಕ್ಕು ಪಕ್ಕದ ಪುಟ್ಟ ಪದದಲ್ಲಿ: ‘ರ‍್ಯಾನ್ ಡೌನ್’. ಭಾಷಾಶಾಸ್ತ್ರಜ್ಞ ಲೆನರ್ಡ್ ಟಾಲ್ಮಿ ಜಗತ್ತಿನ ಭಾಷೆಗಳನ್ನು ಹೀಗೆ ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ದಿಕ್ಕು ಹೇಳುವ ಹೊಣೆ ‘ರನ್’ ಮೇಲೆ ಇಲ್ಲ. ಹಾಗಾಗಿ ಅದು ಹಗುರವಾಗಿ ಯಾವ ‘ಅಪ್’, ‘ಡೌನ್’, ‘ಥ್ರೂ’ ಜೊತೆಗೂ ಹೊರಟುಬಿಡುತ್ತದೆ. ಜೋಡಿ ಹಳತಾದಂತೆ ಹೊಸ ಅರ್ಥ ಗಟ್ಟಿಯಾಗುತ್ತದೆ.

ಆದ್ದರಿಂದ ಜೋಡಿಯ ಅರ್ಥ ಹುಡುಕುವಾಗ ‘ರನ್’ ಕಡೆ ನೋಡುವುದಕ್ಕಿಂತ ಹೆಚ್ಚಾಗಿ ಜೊತೆಗಾರನ ಕಡೆ ನೋಡು. ‘ಡೌನ್’ ಇರುವಲ್ಲೆಲ್ಲ ಇಳಿತವಿದೆ: ಬ್ಯಾಟರಿಯ ಶಕ್ತಿ ಇಳಿಯಿತು, ಮೈಯ ಕಸುವು ಇಳಿಯಿತು, ಕಟ್ಟಡ ಕುಸಿಯುವ ಸ್ಥಿತಿಗೆ ಇಳಿಯಿತು, ಹೀಯಾಳಿಸಿ ಒಬ್ಬರ ಗೌರವ ಇಳಿಸಿದರು, ಗುದ್ದಿ ಕೆಳಗೆ ಬೀಳಿಸಿದರು. ‘ಅಪ್’ ಇರುವಲ್ಲಿ ಏರಿಕೆ ಅಥವಾ ರಾಶಿ: ಸಾಲ ಏರಿತು, ಬಾವುಟ ಏರಿತು. ‘ಥ್ರೂ’ ಇರುವಲ್ಲಿ ಒಂದು ತುದಿಯಿಂದ ಇನ್ನೊಂದು ತುದಿ: ನಾಟಕವನ್ನು ಮೊದಲಿನಿಂದ ಕೊನೆವರೆಗೆ ಆಡಿ ನೋಡುವುದು, ಕತ್ತಿ ಆರಪಾರಾಗುವುದು, ಇದ್ದ ಹಣವನ್ನೆಲ್ಲ ಕರಗಿಸುವುದು. ಎಲ್ಲವೂ ಹೀಗೆ ಅಚ್ಚುಕಟ್ಟಾಗಿ ಕೂರುವುದಿಲ್ಲ, ಆದರೆ ಬಹಳಷ್ಟು ಕೂರುತ್ತವೆ.

ಪರೀಕ್ಷೆಗೆ ಬೇಕಾಗುವ ಇನ್ನೊಂದು ವಿಷಯ. ವಾಕ್ಯರಚನೆಯ ಪಾಠದಲ್ಲಿ ಹೇಳಿಕೊಡುವ ಒಂದು ಜೋಡಿ ಇದೆ: ‘ರ‍್ಯಾನ್ ಅಪ್ ಎ ಹಿಲ್’, ‘ರ‍್ಯಾನ್ ಅಪ್ ಎ ಬಿಲ್’. ನೋಡಲು ಒಂದೇ ರಚನೆ. ಮೊದಲನೆಯದು ಓಡಿ ಗುಡ್ಡ ಹತ್ತಿದ, ಎರಡನೆಯದು ಬಿಲ್ಲು ಬೆಳೆಸಿದ. ನಾಮಪದದ ಜಾಗಕ್ಕೆ ‘ಇಟ್’ ಹಾಕಿ ನೋಡು. ಬಿಲ್ಲಿಗೆ ‘ರ‍್ಯಾನ್ ಇಟ್ ಅಪ್’ ಸರಿ. ಗುಡ್ಡಕ್ಕೆ ಹಾಗೆ ಹೇಳಲಾಗದು, ‘ರ‍್ಯಾನ್ ಅಪ್ ಇಟ್’ ಎಂದೇ ಹೇಳಬೇಕು. ಬಿಲ್ಲಿನಲ್ಲಿ ‘ಅಪ್’ ಕ್ರಿಯಾಪದಕ್ಕೆ ಅಂಟಿಕೊಂಡಿದೆ, ಗುಡ್ಡದಲ್ಲಿ ನಾಮಪದಕ್ಕೆ ಅಂಟಿಕೊಂಡಿದೆ. ಹೊಸ ಜೋಡಿ ಎದುರಾದಾಗ ಈ ಪರೀಕ್ಷೆ ಮಾಡಿದರೆ ಅದು ವಿಶೇಷಾರ್ಥದ ಜೋಡಿಯೇ ಅಥವಾ ಬರೀ ಓಟವೇ ಎಂಬ ಸುಳಿವು ಬಹಳ ಸಲ ಸಿಗುತ್ತದೆ.

ಎರಡನೇ ಸಾಲಿನವ

ಮೇಷ್ಟ್ರೇ, ಇದು ಉಪಯೋಗಕ್ಕೆ ಬರುವ ಉತ್ತರ. ನನ್ನ ಕಡೆಯಿಂದ ಒಂದು ಸೇರ್ಪಡೆ. ಅನುವಾದಕ್ಕೆ ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ‘ರನ್’ ಅರ್ಥವೇನು ಎಂದಲ್ಲ, ಓಡುತ್ತಿರುವುದು ಯಾವುದು ಎಂದು. ಕಾಲಿರುವ ಜೀವಿಯೇ, ದ್ರವವೇ, ಯಂತ್ರವೇ, ಸಂಸ್ಥೆಯೇ, ಅವಧಿಯೇ, ಗೆರೆಯೇ? ಜೀವಿಯಾದರೆ ಓಡು. ದ್ರವವಾದರೆ ಹರಿ, ಸೋರು, ಸುರಿ. ಯಂತ್ರವಾದರೆ ಓಡು ಅಥವಾ ಚಲಿಸು. ಸಂಸ್ಥೆಯಾದರೆ ನಡೆಸು. ಅವಧಿಯಾದರೆ ಕನ್ನಡಕ್ಕೆ ಕ್ರಿಯಾಪದವೇ ಬೇಡ, ‘ಮೂರು ವರ್ಷದ ಒಪ್ಪಂದ’ ಎಂದರೆ ಮುಗಿಯಿತು. ಗೆರೆ, ರಸ್ತೆ, ಗೋಡೆಯಾದರೆ ಹೋಗು, ಹಾದುಹೋಗು.

ಸಂಸ್ಥೆಯ ವಿಷಯದಲ್ಲಿ ಒಂದು ಗಮನಿಸಿ. ಇಂಗ್ಲಿಷಿನವರು ಓಡಿಸುವುದನ್ನೆಲ್ಲ ನಾವು ನಡೆಸುತ್ತೇವೆ: ಶಾಲೆ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ, ಸರ್ಕಾರ ನಡೆಸುತ್ತೇವೆ. ಓಡುವುದು ನಮ್ಮಲ್ಲಿ ಗಾಡಿ, ಗಡಿಯಾರ, ಸಿನಿಮಾ, ತಲೆ. ಚುನಾವಣೆಯಲ್ಲಂತೂ ಅಮೆರಿಕದವರು ಓಡುತ್ತಾರೆ, ನಾವು ನಿಲ್ಲುತ್ತೇವೆ. ಬ್ರಿಟನ್ನಿನವರೂ ನಮ್ಮಂತೆ ನಿಲ್ಲುವವರೇ, ಅವರ ಪದ ‘ಸ್ಟ್ಯಾಂಡ್’.

ನಿಘಂಟುಪ್ರೇಮಿ

ಈ ‘ಯಾವುದು ಓಡುತ್ತಿದೆ’ ಎಂಬ ವಿಧಾನಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಸ್ಟೆಫಾನ್ ಗ್ರೀಸ್ ಎಂಬ ಭಾಷಾಶಾಸ್ತ್ರಜ್ಞರು 2006ರಲ್ಲಿ ಇದೇ ‘ರನ್’ ಕ್ರಿಯಾಪದವನ್ನು ಆರಿಸಿಕೊಂಡು, ನಿಜವಾದ ಬರಹ ಮತ್ತು ಮಾತಿನ ಸಂಗ್ರಹಗಳಿಂದ ವಾಕ್ಯಗಳನ್ನು ತೆಗೆದು, ಪ್ರತಿಯೊಂದರಲ್ಲೂ ಕರ್ತೃ ಯಾವುದು, ಕರ್ಮ ಇದೆಯೇ, ಅಕ್ಕಪಕ್ಕದಲ್ಲಿ ಏನಿದೆ ಎಂದು ಗುರುತು ಹಾಕಿದರು. ವೇಗವಾಗಿ ಕಾಲಲ್ಲಿ ಓಡುವುದೇ ಕೇಂದ್ರದ ಅರ್ಥ ಎಂಬುದಕ್ಕೆ ಅಲ್ಲಿ ಆಧಾರ ಸಿಕ್ಕಿತು. ಅರ್ಥಗಳನ್ನು ಬೇರ್ಪಡಿಸಲು ಅಕ್ಕಪಕ್ಕದ ಪದಗಳೇ ನೆರವಾದವು.

ಹಳಗನ್ನಡ ಓದುಗ

ಇಂಗ್ಲಿಷಿನ ಪದವೊಂದೇ ಹೀಗೆ ವಿಚಿತ್ರ ಎಂದು ಯಾರೂ ಭಾವಿಸಬಾರದು. ನಮ್ಮ ‘ಹಿಡಿ’ಯನ್ನು ಕನ್ನಡ ಕಲಿಯುವವರಿಗೆ ವಿವರಿಸಿ ನೋಡಿ. ಬಸ್ಸು ಹಿಡಿಯುತ್ತೇವೆ, ತಪ್ಪು ಹಿಡಿಯುತ್ತೇವೆ, ಹಾದಿ ಹಿಡಿಯುತ್ತೇವೆ, ಹಟ ಹಿಡಿಯುತ್ತೇವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಳೆ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ಕೆಲಸಕ್ಕೆ ಸಮಯ ಹಿಡಿಯುತ್ತದೆ, ಪಾತ್ರೆಯಲ್ಲಿ ಇಷ್ಟು ನೀರು ಹಿಡಿಯುತ್ತದೆ, ಮನಸ್ಸಿಗೆ ಹಿಡಿಸುತ್ತದೆ. ಕೊಡಲಿಗೂ ಹಿಡಿ ಇದೆ, ಮಣ್ಣೂ ಒಂದು ಹಿಡಿ. ‘ಹಾಕು’, ‘ಬೀಳು’, ‘ಕಟ್ಟು’ ಪದಗಳೂ ಇದಕ್ಕೆ ಕಡಿಮೆಯಿಲ್ಲ. ನಾವು ಯಾರೂ ಇವನ್ನು ಪಟ್ಟಿ ಮಾಡಿ ಕಲಿತಿಲ್ಲ. ತುಕ್ಕು ಬಂದಾಗ ‘ಹಿಡಿ’ ಅದರ ಜೊತೆಗೇ ಬಂತು.

ಪರೀಕ್ಷೆಗೆ ಓದುತ್ತಿರುವವಳು

ಮೇಷ್ಟ್ರೇ, ‘ಇಟ್’ ಹಾಕುವ ಪರೀಕ್ಷೆ ‘ರನ್ ಓವರ್’ ಮೇಲೆ ಮಾಡಿದೆ. ಸೇತುವೆಯ ಮೇಲೆ ಓಡಿದ ಎಂಬುದಕ್ಕೆ ‘ರ‍್ಯಾನ್ ಓವರ್ ಇಟ್’ ಮಾತ್ರ ಸರಿಯಾಗುತ್ತದೆ. ಪ್ರಾಣಿಯ ಮೇಲೆ ಗಾಡಿ ಹರಿಸಿದ ಎಂಬುದಕ್ಕೆ ‘ರ‍್ಯಾನ್ ಇಟ್ ಓವರ್’ ಬರುತ್ತದೆ. ಹೀಗೇ ಅಲ್ಲವೇ?

ವ್ಯಾಕರಣದ ಮೇಷ್ಟ್ರು

ಹೀಗೇ. ಹಿಂದೆ ಹಳಗನ್ನಡ ಓದುಗರು ಹೇಳಿದ ಲಾರಿಯನ್ನು ನೆನೆಸಿಕೊ, ಕನ್ನಡದಲ್ಲೂ ಮೊದಲನೆಯದು ‘ಓಡಿದ’, ಎರಡನೆಯದು ‘ಹರಿಸಿದ’. ಆದರೆ ಎಚ್ಚರ, ‘ರನ್ ಇಂಟು’ ಮೇಲೆ ಇದು ನಡೆಯುವುದಿಲ್ಲ. ‘ಇಂಟು’ ಯಾವಾಗಲೂ ನಾಮಪದದ ಮುಂದೆಯೇ ನಿಲ್ಲುತ್ತದೆ, ಅರ್ಥ ಯಾವುದೇ ಇರಲಿ. ಅಲ್ಲಿ ಎದುರಿಗೆ ಸಿಕ್ಕಿದ್ದು ಮನುಷ್ಯನೋ, ಗೋಡೆಯೋ, ಮೊತ್ತವೋ ಎಂದು ನೋಡಿಯೇ ತೀರ್ಮಾನಿಸಬೇಕು.

ಅನುವಾದಾಸಕ್ತೆ

ಎಲ್ಲರಿಗೂ ಧನ್ಯವಾದ. ಕರಡನ್ನು ತಿದ್ದಿದ್ದೇನೆ. ಶಾಲೆ, ಚುನಾವಣೆ, ಬಣ್ಣ, ತಾಳ್ಮೆಯ ವಾಕ್ಯಗಳು ಹಾಗೆಯೇ ಇವೆ. ಗೋಡೆ ಊರನ್ನು ಸುತ್ತಿಕೊಂಡಿಲ್ಲ, ನಡುವೆ ಸೀಳಿಕೊಂಡು ಹೋಗಿದೆ. ಹಾಗಾಗಿ ‘ಸುತ್ತುವರಿದಿದೆ’ ಎಂಬ ಒಳ್ಳೆಯ ಪದ ಕೈತಪ್ಪಿತು, ‘ಹಾದುಹೋಗಿದೆ’ಯೇ ಉಳಿಯಿತು. ‘ಹಟ ರಕ್ತದಲ್ಲೇ ಬಂದಿದೆ’ ಎನ್ನುವಲ್ಲಿ ‘ರಕ್ತದಲ್ಲೇ ಹರಿಯುತ್ತಿದೆ’ ಎಂದು ಮಾಡಿದೆ. ಮೂಲಕ್ಕೂ ಹತ್ತಿರ, ಕನ್ನಡಕ್ಕೂ ಸಹಜ.

ಒಂದೇ ಸಾಲು ಬಾಕಿ ಇದೆ. ಆಕೆ ಬರೆದ ನಾಟಕದ ಬಗ್ಗೆ ‘ಇಟ್ ರ‍್ಯಾನ್ ಅಂಡ್ ರ‍್ಯಾನ್’ ಎಂದಿದೆ. ‘ಓಡಿತು, ಓಡಿತು’ ಎಂದರೆ ಮಗು ಓಡಿದ ಹಾಗಿದೆ.

ಹಳಗನ್ನಡ ಓದುಗ

ಸಿನಿಮಾ ಓಡುತ್ತದೆ, ನಾಟಕವೂ ಓಡಬಹುದು. ಪುನರುಕ್ತಿಯನ್ನು ಕ್ರಿಯಾಪದದಲ್ಲಿ ಇಡುವ ಬದಲು ‘ತಿಂಗಳುಗಟ್ಟಲೆ ಓಡಿತು’ ಎನ್ನಿ. ಪುನರುಕ್ತಿಯೇ ಬೇಕಿದ್ದರೆ ‘ಓಡುತ್ತಲೇ ಹೋಯಿತು’.

ಅನುವಾದಾಸಕ್ತೆ

‘ಓಡುತ್ತಲೇ ಹೋಯಿತು.’ ಇದನ್ನೇ ಹಾಕುತ್ತೇನೆ.